ಮುಂಗಡ ಸ್ತೋತ್ರ

ಆ ಚರ್ಚಿನ ಸಭೆಯ ಹುಡುಗ ಹುಡುಗಿಯರಿಗೆಲ್ಲ ಅವನು ಅಣ್ಣ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಬ್ಯಾಂಕಿನ ಪಾಸ್‌ಬುಕ್ಕು ಬಿಟ್ಟರೆ ಅದಕ್ಕೆ ಇನ್ನೆಲ್ಲೂ ಕೆಲಸವಿರಲಿಲ್ಲ. ಹೈಸ್ಕೂಲಿನ ಮಕ್ಕಳು ಅಣ್ಣ ಎನ್ನುತ್ತಿದ್ದರು, ಆ ಮಕ್ಕಳ ತಾಯಂದಿರೂ ಅಣ್ಣ ಎನ್ನುತ್ತಿದ್ದರು. ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾರದ ದೊಡ್ಡ ಪಾಸ್ಟರ್, ಅವನಪ್ಪನ ವಯಸ್ಸಿನವರು, ಅವರೂ ಕೆಳಗೆ ನಿಂತು "ಅಣ್ಣ ಇದಾನೇನ್ರೋ ಮೇಲೆ?" ಎಂದೇ ಕೂಗುತ್ತಿದ್ದರು.

ಯುವಜನರ ಪಾಸ್ಟರ್ ಎಂದರೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಶುಕ್ರವಾರ ಸಂಜೆ ಪ್ಲೈವುಡ್ ಅಂಗಡಿಯ ಮೇಲಿನ ಹಾಲಿನಲ್ಲಿ ಕೂಟ ನಡೆಸಬೇಕು. ಅದಕ್ಕೆ ಮುಂಚೆ ಕುರ್ಚಿ ಹಾಕಬೇಕು, ಮೈಕಿನ ವೈರು ಹುಡುಕಬೇಕು, ಗಿಟಾರಿನ ತಂತಿ ಬಿಗಿಯಬೇಕು, ಕೆಳಗಿನಿಂದ ಏರಿಬರುವ ಅಂಟಿನ ವಾಸನೆ ಹೋಗಲೆಂದು ಕಿಟಕಿಗಳನ್ನೆಲ್ಲ ತೆರೆದಿಡಬೇಕು. ಇದು ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸ ಇದರ ಹತ್ತರಷ್ಟು. ಪರೀಕ್ಷೆಯಲ್ಲಿ ಫೇಲಾದವನನ್ನು ಅವನಪ್ಪನ ಮುಂದೆ ತಂದು ನಿಲ್ಲಿಸಬೇಕು, ಮುನಿಸಿಕೊಂಡು ಮನೆ ಬಿಟ್ಟವಳನ್ನು ಮನೆ ಮುಟ್ಟಿಸಬೇಕು, ಪ್ರೀತಿಯಲ್ಲಿ ಸೋತವರ ಅಳುವನ್ನು ನಗದೆ ಕೇಳಿಸಿಕೊಳ್ಳಬೇಕು. ಇದಕ್ಕೆಲ್ಲ ಹೊತ್ತು ಗೊತ್ತು ಇಲ್ಲ. ಊಟಕ್ಕೆ ಕೂತಾಗಲೇ ಫೋನು ಬರುವುದು, ಅವನು ಎಡಗೈಯಲ್ಲಿ ಅದನ್ನು ಹಿಡಿದು ಬಲಗೈ ಒಣಗಿಸಿಕೊಂಡೇ ಅರ್ಧ ಗಂಟೆ ಸಮಾಧಾನ ಹೇಳುವನು. ಮನೆಗೆ ಮಾರಿ ಊರಿಗೆ ಉಪಕಾರಿ ಎನ್ನುತ್ತಾರಲ್ಲ, ಅಷ್ಟು ದೊಡ್ಡ ಮಾತು ಅವನಿಗೆ ಸಲ್ಲದು. ಆದರೆ ಊರಿನ ಪಾಲು ಮೊದಲು, ಮನೆಯ ಪಾಲು ಉಳಿದರೆ ಎಂಬ ಲೆಕ್ಕ ಮಾತ್ರ ಇತ್ತು.

ದೇವರು ಅವನಿಗೆ ಕೊಟ್ಟಿದ್ದ ವರವೆಂದರೆ ಮಾತು. ಮನೆಯಲ್ಲಿ ಹಾಲು ಉಕ್ಕಿದರೂ ದೇವರ ಕೆಲಸಕ್ಕೆ ಅದೊಂದು ಸಾಕ್ಷಿ, ಬಸ್ಸು ತಪ್ಪಿದರೂ ಅದೊಂದು ಸಾಕ್ಷಿ. ಒದ್ದೆ ಟವಲನ್ನು ಹಾಸಿಗೆಯ ಮೇಲೆ ಎಸೆದದ್ದಕ್ಕೆ ಹೆಂಡತಿ ಬುಧವಾರ ಬೈದಳು. ಶುಕ್ರವಾರ ಆ ಟವಲ್ಲು ಮೈಕಿನ ಮುಂದೆ ಬಂದು ಕ್ಷಮೆಯ ಪಾಠವಾಯಿತು. ಹುಡುಗಿಯರೆಲ್ಲ ಹಿಂದಕ್ಕೆ ತಿರುಗಿ ಕೊನೆಯ ಕುರ್ಚಿಯಲ್ಲಿ ಕೂತಿದ್ದ ಅವಳನ್ನು ನೋಡಿ ಕಿಸಕ್ಕನೆ ನಕ್ಕರು. ಅವಳೂ ನಕ್ಕಳು. ಮನೆಗೆ ಬಂದ ಮೇಲೆ ಹೇಳಿದಳು:

"ರೀ, ನಾನು ಮದುವೆಯಾಗಿದ್ದು ನಿಮ್ಮನ್ನಾ, ನಿಮ್ಮ ಮೈಕನ್ನಾ?"

"ಮಕ್ಕಳಿಗೆ ಅರ್ಥ ಆಗೋದು ಇಂಥದೇ ಕಣೇ. ಮನೆ ಮಾತು."

"ಮನೆ ಮಾತು ಮನೇಲಿರ್ಬೇಕು. ಇನ್ನೊಂದ್ಸಲ ಹೇಳೋ ಮುಂಚೆ ನನ್ನ ಕೇಳಿ."

ಕೇಳುತ್ತೇನೆ ಎಂದ. ಆ ಮಾತನ್ನು ಅವನು ಉಳಿಸಿಕೊಂಡದ್ದು ಅಷ್ಟಕ್ಕಷ್ಟೇ.

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಕಲಿಯುವವರ ಪಕ್ಕದ ಸೀಟು ಅವಳದು. ಅವಳ ಕಾಲಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು. ಏರಿನಲ್ಲಿ ಕಾರು ಆಫಾಗಿ ಹಿಂದಕ್ಕೆ ಜಾರುವಾಗ ಎಂಥ ಗಟ್ಟಿಗನೂ ಬೆವರಿಬಿಡುತ್ತಾನೆ, ಹಿಂದಿನ ಲಾರಿಯವನು ಹಾರನ್ನು ಬಾರಿಸುತ್ತಲೇ ಇರುತ್ತಾನೆ. ಇವಳು ಮಾತ್ರ ದನಿ ಏರಿಸದೆ, "ಹೆದರ್ಬೇಡಿ, ನನ್ನ ಕಾಲಿದೆ" ಎನ್ನುವಳು. ಕೂಟದ ಮಕ್ಕಳು ಅವಳಿಗೆ ಬ್ರೇಕಕ್ಕ ಎಂದು ಹೆಸರಿಟ್ಟಿದ್ದರು. ಕಾರಿಗಷ್ಟೇ ಅಲ್ಲ, ಅಣ್ಣನ ಬಾಯಿಗೂ ಬ್ರೇಕು ಅವಳ ಹತ್ತಿರವೇ ಇದೆ ಎಂಬುದು ಅವರ ತಮಾಷೆ. ಇದ್ದಿದ್ದರೆ ಚೆನ್ನಾಗಿತ್ತು.

ಮದುವೆಯಾಗಿ ಕೆಲವು ವರ್ಷಗಳ ಮೇಲೆ ಅವಳು ಬಸುರಾದಳು. ಎರಡು ಗೆರೆ ಕಂಡ ಬೆಳಿಗ್ಗೆ ಬಚ್ಚಲ ಬಾಗಿಲಲ್ಲೇ ನಿಂತು ಅವನ ತೋಳು ಹಿಡಿದು, "ಡಾಕ್ಟ್ರು ಸರಿ ಅನ್ನೋವರೆಗೂ ಯಾರಿಗೂ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು. ಅವನು ತಲೆಯಾಡಿಸಿದ. ಆ ಗುಟ್ಟು ಶುಕ್ರವಾರದವರೆಗೆ ಅವನ ಹೊಟ್ಟೆಯಲ್ಲಿ ನಿಂತದ್ದೇ ಹೆಚ್ಚು. ಕೂಟದ ಕೊನೆಯಲ್ಲಿ ಮುಖ ಕೆಂಪಗೆ ಮಾಡಿಕೊಂಡು ಹೇಳಿಯೇಬಿಟ್ಟ. ಹಾಲಿನ ಸೂರು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಡ್ರಮ್ಮಿನವನು ಯಾರೂ ಹೇಳದೆಯೇ ಬಾರಿಸಿದ. ಕೆಳಗಿನ ಅಂಗಡಿಯವನು ಏನಾಯಿತೆಂದು ಮೇಲೆ ಓಡಿಬಂದ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂದಂಗಾಯ್ತು," ಎಂದಳು ಅವಳು ಮನೆಯಲ್ಲಿ. ಕೋಪವಿತ್ತು, ಆದರೆ ಅವನ ಮುಖದ ಮೇಲಿನ ಸಂತೋಷ ನೋಡಿ ಬೈಯಲು ಬಾಯಿ ಬರಲಿಲ್ಲ.

ಆ ಕೂಟದಲ್ಲಿ ಅವನೇ ಹಾಕಿಕೊಟ್ಟ ಒಂದು ಪದ್ಧತಿಯಿತ್ತು. ಬೇಡಿದ್ದು ಸಿಕ್ಕ ಮೇಲೆ ದೇವರಿಗೆ ಸ್ತೋತ್ರ, ಎಂದರೆ ಕೃತಜ್ಞತೆ, ಹೇಳುವುದಕ್ಕೆ ನಂಬಿಕೆ ಬೇಡ, ಸಾಮಾನ್ಯ ಮರ್ಯಾದೆ ಸಾಕು. ಸಿಗುವ ಮುಂಚೆ ಹೇಳಬೇಕು, ಅದು ನಂಬಿಕೆ ಎಂದು ಅವನು ಕಲಿಸಿದ್ದ. ಮಕ್ಕಳು ಇದಕ್ಕೆ ಮುಂಗಡ ಸ್ತೋತ್ರ ಎನ್ನುತ್ತಿದ್ದರು. ಬರಬೇಕಾದ ರಿಸಲ್ಟಿಗೆ, ಕುಡಿತ ಬಿಡಬೇಕಾದ ಅಪ್ಪನಿಗೆ, ಸಿಗಬೇಕಾದ ಕೆಲಸಕ್ಕೆ, ಎಲ್ಲಕ್ಕೂ ಮುಂಗಡ ಸ್ತೋತ್ರ. ಈಗ ಅಣ್ಣನ ಮಗುವಿಗೆ. ಮಗುವಿಗೆ ಅವರು ಹೊಸ ಮೆಂಬರು ಎಂದು ಹೆಸರಿಟ್ಟರು. ಕನ್ನಡಕದ ಒಂದು ಹುಡುಗಿಯಿದ್ದಳು, ಮಾತು ಕಡಿಮೆ, ಪ್ರಾರ್ಥನೆಗೆ ಕೂತರೆ ಮಾತ್ರ ಎಲ್ಲರಿಗಿಂತ ಮುಂದೆ. ಅವಳೇ ಪ್ರತಿ ಶುಕ್ರವಾರ ಎದ್ದು ನಿಂತು, "ಕರ್ತನೇ, ನಮ್ಮ ಹೊಸ ಮೆಂಬರು ಸುಖವಾಗಿ ಬಂದದ್ದಕ್ಕೆ ಸ್ತೋತ್ರ" ಎನ್ನುವಳು. ಉಳಿದವರು ಒಬ್ಬೊಬ್ಬರಾಗಿ ಸೇರಿಸುವರು: ಅದರ ಪುಟ್ಟ ಕೈಗಳಿಗಾಗಿ ಸ್ತೋತ್ರ, ಅದರ ನಗುವಿಗಾಗಿ ಸ್ತೋತ್ರ, ಅದು ಅಣ್ಣನ ಹಾಗೆ ಶ್ರುತಿ ತಪ್ಪಿ ಹಾಡದೆ ಇರುವುದಕ್ಕಾಗಿ ಸ್ತೋತ್ರ. ಎಲ್ಲರೂ ನಗುವರು, ಅಣ್ಣ ಆಮೆನ್ ಎನ್ನುವನು. ಬ್ರೇಕಕ್ಕನಿಗೂ ಕ್ರಮೇಣ ಅದು ಹಿತವಾಯಿತು. "ನಿಮ್ಮ ಮೆಂಬರು ಇವತ್ತು ಒದ್ದ್ರು, ಏನು ರಭಸ!" ಎಂದು ಅವಳೇ ಹುಡುಗಿಯರ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಳ್ಳುವಳು.

ಆರನೇ ತಿಂಗಳು ಹಿಡಿದಾಗ ಡಾಕ್ಟರು ಬಿ.ಪಿ. ಏರಿದೆ, ಕಾರಿನ ಕೆಲಸ ಸಾಕು, ಮಲಗಿರಬೇಕು ಎಂದರು. ಮನೆಯಲ್ಲಿ ಅವಳನ್ನು ನೋಡಿಕೊಳ್ಳುವವರು ಯಾರು? ಅಣ್ಣನಿಗೆ ಊರೆಲ್ಲ ಮಕ್ಕಳು. ಬಸ್ಸಿನಲ್ಲಿ ಅರ್ಧ ದಿನದ ದಾರಿ, ತವರಿಗೆ ಹೋದಳು.

ಅಲ್ಲೇ ಒಂದು ಬೆಳಿಗ್ಗೆ ಮಗು ಒದೆಯಲಿಲ್ಲ. ಮಧ್ಯಾಹ್ನವೂ ಒದೆಯಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದ ಹೆಂಗಸು ಮೊದಲು ಮಾತು ನಿಲ್ಲಿಸಿದಳು, ಆಮೇಲೆ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅಣ್ಣ ಸಿಕ್ಕ ಬಸ್ಸು ಹತ್ತಿ ಬಂದಾಗ ಅವಳಿಗೆ ನೋವು ಬರುವ ಔಷಧಿ ಹಾಕಿದ್ದರು. ಜೀವವಿರುವ ಮಗುವನ್ನು ಹೆರುವವಳು ಪಡುವ ಕಷ್ಟವನ್ನೆಲ್ಲ ಅವಳು ಪಟ್ಟಳು, ಕೊನೆಗೆ ಕೋಣೆಯಲ್ಲಿ ಯಾವ ದನಿಯೂ ಏಳಲಿಲ್ಲ. ಹೆಣ್ಣು ಮಗು. ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು, "ನೋಡ್ತೀರಾ?" ಎಂದಳು. ಅವಳು ಕೈ ಚಾಚಿದಳು. ಅವನು ಪ್ರಾರ್ಥನೆ ಮಾಡಿಕೊಂಡು ಬರುತ್ತೇನೆಂದು ವರಾಂಡಕ್ಕೆ ಹೋದ.

ಎಷ್ಟೋ ಮನೆಗಳ ಸಾವಿಗೆ ಹೋಗಿ, ಹೆಣದ ಪಕ್ಕ ಕೂತು, ಅಳುವವರ ಬೆನ್ನು ಸವರಿದವನು ಅವನು. ಆ ದಿನ ವರಾಂಡದ ಕಬ್ಬಿಣದ ಬೆಂಚಿನ ಮೇಲೆ ಕೂತು ಒಂದು ಸಾಲು ಪ್ರಾರ್ಥನೆಯನ್ನೂ ಮಾಡಲಾಗಲಿಲ್ಲ. ಸಂಜೆ ಭಾವಮೈದುನನ ಜೊತೆ ಬಾಡಿಗೆ ಕಾರಿನಲ್ಲಿ, ಮಗುವಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸ್ಮಶಾನಕ್ಕೆ ಹೋದ. ಪೆಟ್ಟಿಗೆ ಮುಚ್ಚಿತ್ತು. ತೆರೆದು ನೋಡುವ ಧೈರ್ಯವಾಗಲಿಲ್ಲ.

ಅವನು ಊರಿಗೆ ಹೊರಡುವ ಹೊತ್ತಿಗೆ ಅವಳು ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಎದೆಗೆ ಹಾಲು ಬಂದು ರವಿಕೆ ಒದ್ದೆಯಾಗಿತ್ತು, ಮೇಲೆ ಟವಲು ಹೊದ್ದುಕೊಂಡಿದ್ದಳು. ಅವಳು ಕೇಳಿದ್ದು ಒಂದೇ.

"ಮಕ್ಕಳಿಗೆ ನಾನು ಬರೋದ್ರೊಳಗೆ ಹೇಳಿಬಿಡಿ. ಯಾರಾದ್ರೂ ಓಡಿಬಂದು ಹೊಟ್ಟೆ ಮುಟ್ಟಿ ಮೆಂಬರ್ ಹೇಗಿದಾರೆ ಅಂದ್ರೆ ನನ್ನ ಕೈಲಿ ಆಗಲ್ಲ. ಇದೊಂದು ಹೇಳಿ."

"ಹೇಳ್ತೀನಿ."

"ಪಾಠ ಮಾಡ್ಬೇಡಿ. ಇಲ್ಲ ಅಂತ ಹೇಳಿ, ಸಾಕು."

ದೊಡ್ಡ ಪಾಸ್ಟರಿಗೆ ಹೇಳಿದ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಭಾನುವಾರ ಸಭೆಗೆ ತಿಳಿಸಲೇ ಎಂದು ಕೇಳಿದರು. "ಬೇಡ ಅಯ್ಯನವರೇ, ಮೊದಲು ಮಕ್ಕಳಿಗೆ ನಾನೇ ಹೇಳ್ತೀನಿ," ಎಂದ. ಅವನಂಥ ಮಾತುಗಾರ ಹೇಳುತ್ತೇನೆಂದ ಮೇಲೆ ಯಾರು ತಾನೆ ಎರಡನೇ ಸಲ ಕೇಳುತ್ತಾರೆ? ಅವರು ಸುಮ್ಮನಾದರು.

ಶುಕ್ರವಾರ ಬಂತು. ಬೆಳಗಿನಿಂದ ಆ ಒಂದು ವಾಕ್ಯವನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ ಇಟ್ಟುಕೊಂಡಿದ್ದ. ಹಾಡು ಮುಗಿದ ಕೂಡಲೇ ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದ. ಹಾಡು ಮುಗಿಯಿತು, ಅವನು ಬಾಯಿ ತೆರೆಯುವಷ್ಟರಲ್ಲಿ ಕನ್ನಡಕದ ಹುಡುಗಿ ಕಣ್ಣು ಮುಚ್ಚಿ ನಿಂತಾಗಿತ್ತು. "ಕರ್ತನೇ, ನಮ್ಮ ಹೊಸ ಮೆಂಬರು ಸುಖವಾಗಿ ಬಂದದ್ದಕ್ಕೆ ಸ್ತೋತ್ರ." ಮಿಕ್ಕವರು ಹಿಂದೆಯೇ ಸೇರಿದರು. ಅದರ ಕಣ್ಣುಗಳಿಗಾಗಿ ಸ್ತೋತ್ರ. ಅದರ ಮೊದಲ ಹೆಜ್ಜೆಗಾಗಿ ಸ್ತೋತ್ರ. ಅದು ನಮ್ಮ ನಡುವೆ ಓಡಾಡುವುದಕ್ಕಾಗಿ ಸ್ತೋತ್ರ. ಅವನು ಕೇಳುತ್ತ ನಿಂತ. ಉಗುಳಲಾರದ ನುಂಗಲಾರದ ಬಿಸಿತುಪ್ಪವಾಗಿತ್ತು ಬಾಯಲ್ಲಿದ್ದ ಮಾತು. ನುಂಗಿದ. ಎಲ್ಲರೂ ಅವನ ದನಿಗೆ ಕಾದರು. ಅವನು ಆಮೆನ್ ಎಂದ.

ಹೆದರಿಕೆಯೇ ಅದು? ಮಕ್ಕಳ ನಂಬಿಕೆ ಮುರಿದೀತೆಂಬ ಅಳುಕೇ? ಹಾಗೆಂದು ಅವನು ತನಗೆ ತಾನೇ ಹೇಳಿಕೊಂಡ. ಮುಂದಿನ ವಾರ ಅರ್ಧವಾರ್ಷಿಕ ಪರೀಕ್ಷೆಗಳಿವೆ, ಈಗ ಹೇಳಿದರೆ ಮಕ್ಕಳು ಕುಗ್ಗಿಹೋಗುತ್ತಾರೆ ಎಂದೂ ಹೇಳಿಕೊಂಡ. ಕುಣಿಯಲಾರದವಳಿಗೆ ನೆಲ ಡೊಂಕು. ನಿಜ ಏನೆಂದರೆ ಮುಂದಿನ ಶುಕ್ರವಾರಕ್ಕಾಗಿ ಅವನು ಕಾಯತೊಡಗಿದ್ದ. ಆ ಶುಕ್ರವಾರ ಬಂದಾಗ ಹೇಳುವ ಯೋಚನೆಯನ್ನೂ ಇಟ್ಟುಕೊಂಡು ಹೋಗಿರಲಿಲ್ಲ.

ಹೆಂಡತಿ ದಿನವೂ ಫೋನಿನಲ್ಲಿ ಕೇಳುತ್ತಿದ್ದಳು. ಒಂದು ದಿನ ಕೊನೆಗೆ ಹೇಳಿಬಿಟ್ಟ: "ಹೇಳಿದ್ದೀನಿ."

"ಏನಂದ್ರು?"

"ಅತ್ತರು."

"ಎಲ್ರೂನಾ? ಆ ಕನ್ನಡಕದವಳು?"

"ಅವಳೇ ಜಾಸ್ತಿ ಅತ್ತಳು."

ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು. ಅವಳು ಫೋನಿನಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಸಮಾಧಾನದ ಅಳು ಅದು. ತನ್ನ ಮಗುವಿಗಾಗಿ ಅಷ್ಟು ಮಕ್ಕಳು ಅತ್ತರಲ್ಲ, ಈ ಲೋಕದಲ್ಲಿ ಅದಕ್ಕೂ ಇಷ್ಟು ಜನ ನೆಂಟರಿದ್ದರಲ್ಲ ಎಂದು ತನ್ನ ಅಮ್ಮನ ಹತ್ತಿರ ಹೇಳಿಕೊಂಡಳಂತೆ. ಅಂದು ರಾತ್ರಿ, ಆ ದಿನಗಳಲ್ಲಿ ಮೊದಲ ಸಲ, ಒಂದು ನಿದ್ದೆ ಮಾಡಿದಳಂತೆ.

ಆ ಧೈರ್ಯದ ಮೇಲೆಯೇ ಅವಳು ಮುಂದಿನ ಶುಕ್ರವಾರ, ಗಂಡನಿಗೂ ತಿಳಿಸದೆ, ಬಸ್ಸು ಹತ್ತಿ ಬಂದಳು. ಮನೆಗೆ ಹೋಗಿ ಬ್ಯಾಗು ಇಟ್ಟು, ಮುಖ ತೊಳೆದು, ಬಸುರಿನ ದಿನಗಳ ಅದೇ ಸಡಿಲ ಬಟ್ಟೆ ತೊಟ್ಟು ಹಾಲಿನ ಮೆಟ್ಟಿಲು ಹತ್ತಿದಳು. ಪ್ರಾರ್ಥನೆಯ ಹೊತ್ತು. ಅಣ್ಣ ಸ್ಟೂಲಿನ ಮೇಲೆ ಗಿಟಾರು ಹಿಡಿದು ಕಣ್ಣು ಮುಚ್ಚಿ ಕೂತಿದ್ದ. ಅವಳು ಸದ್ದಿಲ್ಲದೆ ಕೊನೆಯ ಕುರ್ಚಿಯಲ್ಲಿ ಕೂತಳು.

ಮೊದಲು ನೋಡಿದವನು ಡ್ರಮ್ಮಿನವನು. "ಬ್ರೇಕಕ್ಕಾ!" ಎಂದು ಕೂಗಿದ. ಮಕ್ಕಳೆಲ್ಲ ಕುರ್ಚಿ ತಳ್ಳಿಕೊಂಡು ಓಡಿಬಂದು ಸುತ್ತುವರಿದರು. ಅವಳು ಎದ್ದು ನಿಂತಳು, ಈಗ ಯಾರಾದರೂ ತಬ್ಬಿ ಅಳುತ್ತಾರೆ, ತಾನೂ ಅಳಬಹುದು ಎಂದು ತೋಳು ಬಿಚ್ಚಿದಳು. ಎಲ್ಲರ ಮುಖದಲ್ಲೂ ನಗು. ಅವಳಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ.

"ಅಕ್ಕ, ಕರೆಕ್ಟ್ ಟೈಮಿಗೆ ಬಂದ್ರಿ! ಈಗ ನಮ್ಮ ಮೆಂಬರಿಗೇ ಸ್ತೋತ್ರ ಹೇಳ್ತಾ ಇದ್ವಿ," ಎಂದಳು ಕನ್ನಡಕದ ಹುಡುಗಿ, ಕೈಯನ್ನು ಸಡಿಲ ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟು. "ಇವತ್ತು ಒದ್ರಾ?"

ಅವಳು ಮಕ್ಕಳ ತಲೆಗಳ ಮೇಲಿಂದ ಗಂಡನ ಕಡೆ ನೋಡಿದಳು. ಅವನು ಸ್ಟೂಲಿನಿಂದ ಎದ್ದಿದ್ದ. ಬೇಡ ಎನ್ನುವಂತೆ ಒಂದು ಕೈ ಮೇಲೆತ್ತಿದ್ದ. ಇಷ್ಟು ವರ್ಷ ಎದುರಿನಿಂದ ಲಾರಿ ಬಂದರೂ ಕಿರುಚದ ಹೆಂಗಸು ಅವಳು. ಆ ಹುಡುಗಿಯ ಕೈಯನ್ನು ಹೊಟ್ಟೆಯ ಮೇಲಿಂದ ತೆಗೆದು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಮಗು ಇಲ್ಲ ಮಕ್ಕಳೇ. ಹೋಗಿ ಮೂರು ವಾರ ಆಗ್ತಾ ಬಂತು. ಹೊಟ್ಟೇಲೇ ಹೋಯ್ತು."

ಯಾರೋ ಒಬ್ಬಳು ಮುಸಿಮುಸಿ ಅಳತೊಡಗಿದಳು. ಕನ್ನಡಕದ ಹುಡುಗಿ ಅಳಲಿಲ್ಲ. ನಿಧಾನಕ್ಕೆ ಹಿಂದೆ ತಿರುಗಿದಳು.

"ಅಣ್ಣ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೋದ ವಾರ ನಾನು ಪ್ರಾರ್ಥನೆ ಮಾಡಿದಾಗ್ಲೂ?"

"ಹೌದು."

"ನೀವು ಆಮೆನ್ ಅಂದ್ರಿ."

ಅದು ಬೈಗುಳವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಬರೀ ನಡೆದದ್ದನ್ನು ಹೇಳಿದ್ದಳು. ಮಕ್ಕಳು ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು, ಹೋಗುವಾಗ ಬ್ರೇಕಕ್ಕನ ಕೈ ಮುಟ್ಟಿ ಹೋದರು, ಅವನ ಕಡೆ ನೋಡಲಿಲ್ಲ. ಕನ್ನಡಕದ ಹುಡುಗಿ ಆಮೇಲೆ ಬಹಳ ದಿನ ಕೂಟಕ್ಕೆ ಬರಲಿಲ್ಲ; ಬಂದ ಮೇಲೂ ಗಟ್ಟಿಯಾಗಿ ಪ್ರಾರ್ಥನೆ ಮಾಡುವುದನ್ನು ಬಿಟ್ಟಳು.

ಗಂಡ ಹೆಂಡತಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ, ಕಿಟಕಿ ಹಾಕಿ, ಮನೆಗೆ ನಡೆದರು. ಒಳಗೆ ಬಂದು ಅವಳು ಲೈಟು ಹಾಕಿ, ಗೋಡೆಗೆ ಒರಗಿ ನೆಲದ ಮೇಲೆಯೇ ಕೂತಳು.

"ನಾನು ಹೇಳ್ಬೇಡಿ ಅಂದಿದ್ದನ್ನೆಲ್ಲ ಇಷ್ಟು ವರ್ಷ ಮೈಕಲ್ಲಿ ಹೇಳಿದ್ರಿ," ಎಂದಳು. "ಹೇಳಿ ಅಂತ ಕೇಳಿದ್ದು ಇದೊಂದೇ."

ಅವನು ಬಾಗಿಲ ಹತ್ತಿರವೇ ನಿಂತಿದ್ದ. "ತಪ್ಪಾಯ್ತು."

"ತಪ್ಪು ಒಪ್ಪು ಬೇಡ. ಯಾಕೆ ಅಂತ ಹೇಳಿ. ಅತ್ತರು ಅಂತ ಬೇರೆ ಅಂದ್ರಲ್ಲ. ನಾನು ಅಷ್ಟೂ ಮಕ್ಕಳ ಹೆಸರು ಹೇಳ್ಕೊಂಡು ಅವರಿಗೋಸ್ಕರ ಪ್ರಾರ್ಥನೆ ಮಾಡ್ದೆ. ನನ್ನ ಮಗೂಗೆ ಅತ್ತವರು ಅಂತ."

ಅವನು ಬಾಗಿಲು ಹಾಕಿ ಮಾತಾಡಿದ. ವೇದಿಕೆಯ ದನಿ ಅದಾಗಿರಲಿಲ್ಲ.

"ಹೇಳೋಣ ಅಂತಲೇ ಹೋದೆ ಕಣೇ. ಅವರು ಶುರು ಮಾಡಿದ್ರು. ಅದರ ಕಣ್ಣು, ಅದರ ನಡಿಗೆ... ಅವರಿಗೆ ಅದು ಇನ್ನೂ ಇತ್ತು. ಎಲ್ಲಾ ಕಡೆ ಹೋಗಿತ್ತು, ಅಲ್ಲೊಂದು ಕಡೆ ಬದುಕಿತ್ತು. ನಾನು ಬಾಯಿ ತೆಗೆದ್ರೆ ಅಲ್ಲೂ ಸಾಯುತ್ತೆ. ಆಗಲಿಲ್ಲ. ಆಮೇಲೆ ಅದನ್ನ ಕೇಳೋಕೆ ಅಂತಲೇ ಹೋಗ್ತಿದ್ದೆ."

ಅವಳು ಅವನನ್ನೇ ನೋಡುತ್ತ ಕೂತಳು. ಕಣ್ಣಲ್ಲಿದ್ದ ಸಿಟ್ಟು ಇಳಿಯಿತು, ಅದಿಳಿದ ಜಾಗಕ್ಕೆ ಅದಕ್ಕಿಂತ ದೊಡ್ಡದು ಬಂತು.

"ನಿಮಗಾದ್ರೂ ಅಂಥ ಒಂದು ಜಾಗ ಇತ್ತು," ಎಂದಳು. "ನನ್ನ ಹೊಟ್ಟೇಲೇ ನಿಂತಿದ್ದು ಅದು. ನಾನು ಮುಖ ನೋಡಿದ್ದೀನಿ. ನಾನೆಲ್ಲಿಗೆ ಹೋಗಿ ಅದು ಬದುಕಿದೆ ಅಂತ ಕೇಳಿಸ್ಕೊಳ್ಳಲಿ?"

ಇಂಥ ಮಾತಿಗೆ ಹೇಳಲೆಂದೇ ಅವನಿಗೆ ಬಾಯಿಪಾಠವಾಗಿದ್ದ ಬೈಬಲ್ ವಚನಗಳು ಎಷ್ಟೋ ಇದ್ದವು. ಪರರ ಮನೆಗಳಲ್ಲಿ ಅವನ್ನು ಹೇಳಿದ್ದ, ಜನ ಕಣ್ಣೊರೆಸಿಕೊಂಡಿದ್ದರು. ಒಂದನ್ನೂ ಹೇಳಲಿಲ್ಲ. ಬಂದು ಅವಳ ಪಕ್ಕ ನೆಲದ ಮೇಲೆ ಕೂತ. ಮೇಜಿನ ಮೇಲೆ ಫೋನು ಬಡಿದುಕೊಳ್ಳತೊಡಗಿತು, ಬಡಿದುಕೊಂಡು ಸುಮ್ಮನಾಯಿತು.

"ಹೇಗಿದ್ಲು?" ಎಂದು ಕೇಳಿದ. "ನಾನು ನೋಡಲಿಲ್ಲ. ಹೇಳು."

ಅವಳು ಮೊಣಕಾಲಿಗೆ ಗಲ್ಲ ಊರಿದಳು. ಆಮೇಲೆ ಹೇಳತೊಡಗಿದಳು. ಚರ್ಮ ತೆಳ್ಳಗೆ, ಕೆಂಪಗಿತ್ತು. ಹುಬ್ಬು ಆಗಲೇ ಮೂಡಿತ್ತು, ಗೆರೆ ಎಳೆದ ಹಾಗೆ. ಮೂಗು ಅವನದೇ, ಅನುಮಾನವೇ ಇಲ್ಲ. ಉಗುರೂ ಇತ್ತು. ಅವನು ಕಣ್ಣೀರು ಒರೆಸಿಕೊಳ್ಳದೆ ಕೇಳಿಸಿಕೊಂಡ.

"ಕೈ ಬಿಚ್ಚಿತ್ತು ರೀ," ಎಂದಳು ಅವಳು. "ನನ್ನ ಬೆರಳು ಇಟ್ಟೆ. ಹಿಡ್ಕೊಳ್ಳಲಿಲ್ಲ."